ಕೆನ್ನೆಯ ಉರಿ ಆರಲು ಹಿಡಿದ ಐದು ತಿಂಗಳು

ಕಣ್ಣಿನಿಂದ ಜಾರಿದ ಒಂದು ಹನಿ ನೀರು ಕೆನ್ನೆಯ ಮೇಲೆ ಇಳಿದ ದಾರಿಯುದ್ದಕ್ಕೂ ಗೆರೆ ಎಳೆದಂತೆ ಉರಿ ಎದ್ದಿತು. ನನ್ನ ಮುಖದ ಚರ್ಮ ಬರೀ ಒಣಗಿಲ್ಲ, ಅದಕ್ಕಿಂತ ಹೆಚ್ಚಿನದೇನೋ ಆಗಿದೆ ಎಂದು ನನಗೆ ಖಚಿತವಾದದ್ದು ಆ ರಾತ್ರಿ. ಕಳೆದ ವಾರವಷ್ಟೇ ಚರ್ಮವೈದ್ಯರು ನನ್ನನ್ನು ಕೊನೆಯ ಬಾರಿಗೆ ನೋಡಿ, ಇನ್ನು ಬರುವ ಅಗತ್ಯವಿಲ್ಲವೆಂದು ಹೇಳಿ ಕಳುಹಿಸಿದರು. ಈ ಎರಡರ ನಡುವೆ ಐದು ತಿಂಗಳ ಹತ್ತಿರ ಕಾಲ ಕಳೆದಿದೆ. ಮೊಡವೆಗೆಂದೋ ಕಲೆಗೆಂದೋ ಸುಕ್ಕಿಗೆಂದೋ ಆಮ್ಲ, ವಿಟಮಿನ್ ಎ ಜಾತಿಯ ರೆಟಿನಾಲ್, ವಿಟಮಿನ್ ಸಿ ಮುಂತಾದ ತೀಕ್ಷ್ಣ ವಸ್ತುಗಳನ್ನು ಬಳಸಲು ಹೊರಟವರು ನನ್ನಷ್ಟು ಸುತ್ತಿ ಬಳಸಿ ನಡೆಯಬೇಕಾಗದಿರಲಿ ಎಂದು, ನೆನಪು ಹಸಿಯಾಗಿರುವಾಗಲೇ ಇದನ್ನು ಬರೆದಿಡುತ್ತಿದ್ದೇನೆ.

ಆರಂಭದಲ್ಲಿ ನನ್ನ ತೊಂದರೆ ತೀರ ಸಾಮಾನ್ಯವಾದದ್ದು. ದವಡೆಯ ಅಂಚಿನಲ್ಲಿ ಆಗಾಗ ಏಳುವ ಮೊಡವೆ, ಅವು ಒಣಗಿದ ಮೇಲೂ ತಿಂಗಳುಗಟ್ಟಲೆ ಉಳಿಯುವ ಕಂದು ಕಲೆ. ಒಂದೇ ವಾರದಲ್ಲಿ ನಾಲ್ಕು ವಸ್ತುಗಳನ್ನು ತಂದುಕೊಂಡೆ: ಶೇ. 2ರ ಸ್ಯಾಲಿಸಿಲಿಕ್ ಆಮ್ಲವಿರುವ ಫೇಸ್‌ವಾಶ್, ಶೇ. 7ರ ಗ್ಲೈಕಾಲಿಕ್ ಆಮ್ಲದ ಟೋನರ್, ಬೆಳಿಗ್ಗೆ ಹಚ್ಚಲು ಶೇ. 15ರ ವಿಟಮಿನ್ ಸಿ ಸೀರಮ್, ರಾತ್ರಿಗೆ ಶೇ. 0.5ರ ರೆಟಿನಾಲ್. ಇವುಗಳಲ್ಲಿ ಯಾವುದೂ ತನ್ನಷ್ಟಕ್ಕೆ ಕೆಟ್ಟದ್ದಲ್ಲ. ಪ್ರತಿಯೊಂದು ಬಾಟಲಿಯ ಮೇಲಿನ ಸೂಚನೆಯನ್ನೂ ಓದಿಯೇ ಬಳಸಿದೆ. ಆದರೆ ಆ ಸೂಚನೆ ಆ ಬಾಟಲಿಯೊಂದನ್ನೇ ಬಳಸುವವರಿಗಾಗಿ ಬರೆದದ್ದು. ನಾಲ್ಕೂ ಒಂದೇ ದಿನ ಒಂದೇ ಚರ್ಮದ ಮೇಲೆ ಬಿದ್ದರೆ ಏನಾಗುತ್ತದೆ ಎಂಬುದು ಅವುಗಳ ಮೇಲೆಲ್ಲೂ ಇರಲಿಲ್ಲ, ನಾನೂ ಕೂಡಿಸಿ ನೋಡಲಿಲ್ಲ.

ಮೊದಲ ವಾರ ಮುಖ ನಿಜಕ್ಕೂ ಹೊಳೆಯಿತು, ಮತ್ತು ಆ ಹೊಳಪೇ ನನ್ನ ದಾರಿ ತಪ್ಪಿಸಿತು. ಆರೋಗ್ಯವಾಗಿರುವ ಚರ್ಮದ ಹೊಳಪಿನಲ್ಲಿ ಒಂದು ಮೆದುತನವಿರುತ್ತದೆ. ನನ್ನ ಹಣೆಯ ಹೊಳಪಾದರೋ ಮೇಣ ಸವರಿದ ಕಾಗದದಂತಿತ್ತು. ಹುಬ್ಬೇರಿಸಿದರೆ ಅದರ ಮೇಲೆ ನವಿರಾದ ಅಡ್ಡಗೆರೆಗಳು ಮೂಡಿ, ಹುಬ್ಬಿಳಿಸಿದ ಮೇಲೂ ಕ್ಷಣಕಾಲ ಹಾಗೆಯೇ ಉಳಿಯುತ್ತಿದ್ದವು. ಒಂಬತ್ತನೆಯ ದಿನದ ಹೊತ್ತಿಗೆ ಮುಖ ತೊಳೆದ ಕೂಡಲೇ ಚರ್ಮ ಬಿಗಿಯುವುದು, ನಕ್ಕಾಗ ಬಾಯಿಯ ಅಂಚು ಎಳೆದಂತಾಗುವುದು ಶುರುವಾಯಿತು. ಮೂಗಿನ ಇಕ್ಕೆಲಗಳಲ್ಲಿ ಸಿಪ್ಪೆ ಏಳತೊಡಗಿತು. ಕಣ್ಣೀರು ಉರಿದದ್ದು ಹದಿನೇಳನೆಯ ದಿನ.

ಆಗಲಾದರೂ ನಿಲ್ಲಿಸಬೇಕಿತ್ತು. ನಿಲ್ಲಿಸದಿರಲು ಕಾರಣ, ಕೆನ್ನೆಯ ಮೇಲೆ ಎದ್ದ ಸಣ್ಣ ಕೆಂಪು ಗುಳ್ಳೆಗಳನ್ನು ನಾನು "ಪರ್ಜಿಂಗ್" ಎಂದು ತಿಳಿದದ್ದು. ರೆಟಿನಾಲ್ ಮತ್ತು ಆಮ್ಲಗಳು ಚರ್ಮದ ಜೀವಕೋಶಗಳು ಹುಟ್ಟಿ ಉದುರುವ ವೇಗವನ್ನು ಹೆಚ್ಚಿಸುವುದರಿಂದ, ಒಳಗೆ ಆಗಲೇ ರೂಪುಗೊಳ್ಳುತ್ತಿದ್ದ ಮೊಡವೆಗಳು ಒಮ್ಮೆಲೇ ಹೊರಬರುವುದುಂಟು, ಅದು ನಿಜ. ಆದರೆ ಅವು ಬರುವುದು ಸಾಮಾನ್ಯವಾಗಿ ಮೊದಲಿನಿಂದಲೂ ಮೊಡವೆ ಏಳುತ್ತಿದ್ದ ಜಾಗದಲ್ಲೇ, ಮತ್ತು ನಾಲ್ಕರಿಂದ ಆರು ವಾರಗಳಲ್ಲಿ ತಗ್ಗುತ್ತವೆ. ನನಗೆ ಎಂದೂ ಮೊಡವೆ ಏಳದ ಕೆನ್ನೆಯ ನಡುಭಾಗದಲ್ಲಿ, ಎಲ್ಲವೂ ಒಂದೇ ಗಾತ್ರದ ಗುಳ್ಳೆಗಳು, ಜೊತೆಗೆ ಉರಿ, ನವೆ. ಗುಳ್ಳೆಯ ಜೊತೆ ಉರಿ ಇದ್ದರೆ, ಹೊಸ ಜಾಗದಲ್ಲಿ ಎದ್ದರೆ, ಅದನ್ನು ತಾಳ್ಮೆಯಿಂದ ದಾಟಬೇಕಾದ ಹಂತವೆಂದು ಭಾವಿಸಿ ಹಚ್ಚುತ್ತಾ ಹೋಗಬೇಡಿ. ಈ ಒಂದು ವ್ಯತ್ಯಾಸ ಗೊತ್ತಿದ್ದಿದ್ದರೆ ನನಗೆ ಕಡಿಮೆಯೆಂದರೂ ಒಂದು ತಿಂಗಳು ಉಳಿಯುತ್ತಿತ್ತು.

ಮುಂದಿನ ಹನ್ನೆರಡು ದಿನ ನಾನು ಮಾಡಿದ್ದೆಲ್ಲ ಗಾಯವನ್ನು ಕೆದಕಿದಂತೆಯೇ ಆಯಿತು. ಸಿಪ್ಪೆ ತೆಗೆಯಲೆಂದು ಸ್ಕ್ರಬ್ ಹಾಕಿ ಉಜ್ಜಿದೆ. ರಂಧ್ರಗಳು ತೆರೆಯಲೆಂದು ಬಿಸಿ ಹಬೆ ತೆಗೆದುಕೊಂಡೆ. ಉರಿ ಶಮನಕ್ಕೆಂದು ಇನ್ನೊಂದು ಸೀರಮ್ ತಂದೆ; ಅದರಲ್ಲಿದ್ದ ಸುಗಂಧ ತೈಲಗಳು ಉರಿಯನ್ನು ಇನ್ನಷ್ಟು ಏರಿಸಿದವು. ಪರಿಚಯದವರೊಬ್ಬರು ಮೂರೇ ದಿನದಲ್ಲಿ ಕೆಂಪು ಇಳಿಯುತ್ತದೆ ಎಂದು ಘಟಕಗಳ ಪಟ್ಟಿಯಿಲ್ಲದ ಒಂದು ಕ್ರೀಮನ್ನು ಪುಟ್ಟ ಡಬ್ಬಿಯಲ್ಲಿ ಕೊಟ್ಟಾಗ ಹಚ್ಚಲು ಹೊರಟಿದ್ದೆ. ತಡೆದವಳು ನನ್ನ ಅಕ್ಕ. "ಅಷ್ಟು ಬೇಗ ಕೆಂಪು ಇಳಿಸುವುದು ಸ್ಟೀರಾಯ್ಡೇ ಇರಬೇಕು, ಒಳಗೇನಿದೆ ಎಂದು ಬರೆಯದ್ದನ್ನು ಮುಖಕ್ಕೆ ಮುಟ್ಟಿಸಬೇಡ, ಎಲ್ಲವನ್ನೂ ಎತ್ತಿಟ್ಟು ಡಾಕ್ಟರ ಹತ್ತಿರ ಹೋಗು" ಎಂದಳು. ವೈದ್ಯರ ನಿಗಾ ಇಲ್ಲದೆ ಮುಖಕ್ಕೆ ಸ್ಟೀರಾಯ್ಡ್ ಕ್ರೀಮನ್ನು ದಿನಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಬಿಟ್ಟ ಕೂಡಲೇ ಕೆಂಪು ಇಮ್ಮಡಿಯಾಗಿ ಮರಳುತ್ತದೆ ಎಂಬುದನ್ನು ಆಮೇಲೆ ವೈದ್ಯರಿಂದಲೇ ಕೇಳಿ ತಿಳಿದೆ. ಅವಳು ಆ ದಿನ ತಡೆಯದಿದ್ದರೆ ಈ ಐದು ತಿಂಗಳು ಎಷ್ಟಾಗುತ್ತಿತ್ತೋ.

ಚರ್ಮವೈದ್ಯರ ಭೇಟಿಗೆ ಹನ್ನೊಂದು ದಿನ ಕಾಯಬೇಕಾಯಿತು. ಕಾಯುವ ದಿನಗಳನ್ನು ವ್ಯರ್ಥ ಮಾಡಬಾರದೆಂದು, ಸಮಯ ಗೊತ್ತುಮಾಡಿದ ಸಹಾಯಕಿಯವರೇ ಫೋನಿನಲ್ಲಿ ಮೂರು ಕೆಲಸ ಹೇಳಿದರು, ಮೂರೂ ಬಹಳ ನೆರವಾದವು. ಒಂದು, ಮುಖಕ್ಕೆ ಬಳಸಿದ ಎಲ್ಲ ಬಾಟಲಿಗಳನ್ನೂ, ಖಾಲಿಯಾದವು ಸೇರಿ, ಒಂದು ಚೀಲದಲ್ಲಿ ತರುವುದು. ಎರಡು, ಯಾವುದನ್ನು ಯಾವ ದಿನ ಶುರುಮಾಡಿದೆ, ದಿನಕ್ಕೆ ಎಷ್ಟು ಸಲ ಹಚ್ಚಿದೆ ಎಂದು ಒಂದು ಹಾಳೆಯಲ್ಲಿ ಬರೆಯುವುದು. ನುಂಗುವ ಮಾತ್ರೆಗಳನ್ನೂ ಅದರಲ್ಲಿ ಸೇರಿಸುವುದು. ಮೂರು, ಪ್ರತಿದಿನ ಅದೇ ಕಿಟಕಿಯ ಬಳಿ, ಅದೇ ಹೊತ್ತಿನಲ್ಲಿ, ಏನೂ ಹಚ್ಚದ ಮುಖದ ಫೋಟೊ ತೆಗೆಯುವುದು. ಹಾಳೆಯ ಮೇಲೆ ದಿನಾಂಕಗಳನ್ನು ಸಾಲಾಗಿ ಬರೆದಾಗಲೇ ನನಗೆ ಅರ್ಧ ಕಥೆ ಅರ್ಥವಾಗಿತ್ತು. ನಾಲ್ಕೂ ವಸ್ತುಗಳ ಆರಂಭದ ದಿನಾಂಕಗಳ ನಡುವೆ ಆರು ದಿನಗಳ ಅಂತರವೂ ಇರಲಿಲ್ಲ. ತಪ್ಪು ಯಾವುದರದ್ದೆಂದು ಬೆರಳು ತೋರಿಸಲು ದಾರಿಯೇ ಉಳಿದಿರಲಿಲ್ಲ.

ವೈದ್ಯರು ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಒಂದೊಂದರ ಲೇಬಲ್ಲನ್ನೂ ಓದಿ ಎರಡು ಗುಂಪು ಮಾಡಿದರು. ಎಡಗಡೆ ಏಳು, ಬಲಗಡೆ ಒಂದು. "ನೋಡಿ, ಈ ಏಳೂ ಪದರವನ್ನು ಸಡಿಲಿಸುವಂಥವು, ಇಲ್ಲವೇ ಕೆರಳಿಸುವಂಥವು. ಕಟ್ಟುವಂಥದ್ದು ಇದೊಂದೇ" ಎಂದು ಬಲಗಡೆಯ ಸಾದಾ ಮಾಯಿಶ್ಚರೈಸರನ್ನು ತೋರಿಸಿದರು. ಆಮೇಲೆ ನನ್ನ ಕೆನ್ನೆಯನ್ನು ಎರಡು ಬೆರಳುಗಳ ನಡುವೆ ಮೆಲ್ಲನೆ ಒತ್ತಿ ಬಿಟ್ಟರು. ಕೈಗನ್ನಡಿಯಲ್ಲಿ ನಾನೂ ನೋಡಿದೆ, ಅಲ್ಲಿ ತೆಳುವಾದ ಕಾಗದವನ್ನು ಮುದುರಿದಂತೆ ನೂರಾರು ಸಣ್ಣ ಸುಕ್ಕುಗಳು ಎದ್ದಿದ್ದವು.

ಅವರು ಅಂದು ವಿವರಿಸಿದ್ದನ್ನು ನನಗೆ ಅರ್ಥವಾದಂತೆ ಹೇಳುತ್ತೇನೆ, ಏಕೆಂದರೆ ಇದು ತಿಳಿದ ಮೇಲೆಯೇ ನನಗೆ ಕಾಯುವ ಶಕ್ತಿ ಬಂದದ್ದು. ಚರ್ಮದ ತೀರ ಮೇಲಿನ ಪದರ ಕೂದಲೆಳೆಗಿಂತಲೂ ತೆಳುವಾದದ್ದು. ಮುಖದ ಮೇಲೆ ಸುಮಾರು 10ರಿಂದ 20 ಮೈಕ್ರೋಮೀಟರ್ ಅಷ್ಟೇ. ಅದನ್ನು ಗೋಡೆಗೆ ಹೋಲಿಸುವುದು ವಾಡಿಕೆ. ಸತ್ತು ಚಪ್ಪಟೆಯಾದ ಜೀವಕೋಶಗಳೇ ಇಟ್ಟಿಗೆ, ಅವುಗಳ ನಡುವಿನ ಜಿಡ್ಡೇ ಗಾರೆ. ಆ ಗಾರೆಯಲ್ಲಿ ಸರಿಸುಮಾರು ಅರ್ಧದಷ್ಟು ಸೆರಮೈಡ್ ಎಂಬ ಜಿಡ್ಡು, ಉಳಿದದ್ದರಲ್ಲಿ ಬಹುಪಾಲು ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು. ಒಳಗಿನ ನೀರು ಆವಿಯಾಗದಂತೆ, ಹೊರಗಿನ ಕೆರಳಿಸುವ ವಸ್ತು ಒಳಗಿಳಿಯದಂತೆ ತಡೆಯುವುದು ಇದೇ. ಸ್ಕಿನ್ ಬ್ಯಾರಿಯರ್ ಎಂದು ಎಲ್ಲರೂ ಕರೆಯುವ ರಕ್ಷಣಾ ಪದರವಿದು. ಇದರ ಮೇಲ್ಮೈ ತುಸು ಆಮ್ಲೀಯ, ಆಮ್ಲೀಯತೆಯನ್ನು ಅಳೆಯುವ ಪಿಎಚ್ (7ಕ್ಕಿಂತ ಕಡಿಮೆಯಾದಷ್ಟೂ ಆಮ್ಲೀಯ) ಸುಮಾರು 5ರ ಆಸುಪಾಸು. ಗಾರೆಯನ್ನು ತಯಾರಿಸುವ ಕಿಣ್ವಗಳು ಕೆಲಸ ಮಾಡುವುದು ಆ ಆಮ್ಲೀಯತೆಯಲ್ಲೇ. ಪಿಎಚ್ 9–10ರ ಸಾಬೂನಿನಿಂದ ತೊಳೆದಾಗ ಮುಖ ಬಿಗಿಯುವುದು ಈ ಸಮತೋಲ ತಪ್ಪಿದ್ದರಿಂದ.

ಗ್ಲೈಕಾಲಿಕ್ ಆಮ್ಲ ಇಟ್ಟಿಗೆಗಳ ನಡುವಿನ ಹಿಡಿತವನ್ನು ಸಡಿಲಿಸುತ್ತದೆ. ಅದರ ಅಣು ಚಿಕ್ಕದಾದ್ದರಿಂದ ಸುಲಭವಾಗಿ ಇಳಿಯುತ್ತದೆ. ಸ್ಯಾಲಿಸಿಲಿಕ್ ಆಮ್ಲ ಜಿಡ್ಡಿನಲ್ಲಿ ಕರಗಿ ರಂಧ್ರದೊಳಕ್ಕೂ ಹೋಗುತ್ತದೆ. ರೆಟಿನಾಲ್ ಚರ್ಮದೊಳಗೆ ಎರಡು ಹಂತಗಳಲ್ಲಿ ರೆಟಿನಾಯಿಕ್ ಆಮ್ಲವಾಗಿ ಬದಲಾಗಿ, ಕೆಳಗಿನ ಜೀವಕೋಶಗಳು ಬೇಗ ಬೇಗ ಮೇಲೇರುವಂತೆ ಮಾಡುತ್ತದೆ. ಮೊದಲ ವಾರಗಳಲ್ಲಿ ಹೀಗೆ ಅವಸರದಲ್ಲಿ ಮೇಲೆ ಬಂದ ಪದರ ಅಷ್ಟು ಬಿಗಿಯಾಗಿ ಕಟ್ಟಿಕೊಂಡಿರುವುದಿಲ್ಲ. ಶುದ್ಧ ವಿಟಮಿನ್ ಸಿ ಚರ್ಮದೊಳಗೆ ಇಳಿಯಬೇಕಾದರೆ ದ್ರಾವಣದ ಪಿಎಚ್ 3.5ಕ್ಕಿಂತ ಕಡಿಮೆ ಇರಬೇಕು, ಅಂದರೆ ಅದೂ ಆಮ್ಲವೇ. ನಾನು ದಿನವೂ ಒಂದು ಕಡೆ ಗಾರೆ ಕೆರೆದು, ಇನ್ನೊಂದು ಕಡೆ ಇಟ್ಟಿಗೆ ಉದುರಿಸಿ, ಕಟ್ಟುವವನಿಗೆ ಒಂದು ಇಡೀ ರಾತ್ರಿಯ ಬಿಡುವನ್ನೂ ಕೊಟ್ಟಿರಲಿಲ್ಲ.

ಚಿಕಿತ್ಸೆಯ ಚೀಟಿಯಲ್ಲಿ ಮೂರೇ ಸಾಲುಗಳಿದ್ದವು: ನೊರೆ ಬಾರದ, ಸುಗಂಧವಿಲ್ಲದ ಕ್ಲೆನ್ಸರ್, ಅದೂ ರಾತ್ರಿ ಮಾತ್ರ, ಬೆಳಿಗ್ಗೆ ಬರೀ ತಣ್ಣೀರು; ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲ ಇರುವ ಮಾಯಿಶ್ಚರೈಸರ್, ಮುಖ ಇನ್ನೂ ತುಸು ಒದ್ದೆಯಿರುವಾಗಲೇ; ಹಗಲಿಗೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್. ರಾತ್ರಿ ಸಿಪ್ಪೆ ಏಳುವ ಜಾಗಕ್ಕೆ ಮಾತ್ರ ಪೆಟ್ರೋಲಿಯಂ ಜೆಲ್ಲಿಯ ತೆಳು ಲೇಪ. "ಔಷಧಿ ಇಲ್ಲವೇ?" ಎಂದು ಕೇಳಿದೆ. "ಇದೇ ಔಷಧಿ. ಚರ್ಮ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ, ನೀವು ಅಡ್ಡ ಬರಬಾರದು ಅಷ್ಟೇ" ಎಂದರು. ಎಷ್ಟು ದಿನ ಎಂದದ್ದಕ್ಕೆ ಕಡಿಮೆಯೆಂದರೂ ಆರು ವಾರ ಎಂದರು. ಎಳೆಯ ವಯಸ್ಸಿನಲ್ಲಿ ಮೇಲಿನ ಪದರ ಪೂರ್ತಿ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು, ವಯಸ್ಸಾದಂತೆ ಇನ್ನೂ ಹೆಚ್ಚು. ಒಮ್ಮೆ ಕೆರಳಿದ ಚರ್ಮ ಶಾಂತವಾಗಲು ಅದರ ಮೇಲೆ ಇನ್ನಷ್ಟು.

ಖರ್ಚಿನ ಮಾತನ್ನೂ ಹೇಳಬೇಕು. ಎಡಗಡೆಯ ಏಳು ಬಾಟಲಿಗಳಿಗೆ ಸುರಿದ ಹಣ ವೈದ್ಯರ ಶುಲ್ಕ ಮತ್ತು ಚೀಟಿಯ ಮೂರೂ ವಸ್ತುಗಳನ್ನು ಸೇರಿಸಿದ್ದಕ್ಕಿಂತ ಹೆಚ್ಚಿತ್ತು. ಅವನ್ನು ಎತ್ತಿಟ್ಟು ಗುಣವಾದ ಮೇಲೆ ಬಳಸಬಹುದೆಂಬ ಲೆಕ್ಕವೂ ಕೈಕೊಟ್ಟಿತು: ವಿಟಮಿನ್ ಸಿ ಗಾಳಿ ಬೆಳಕಿಗೆ ಉತ್ಕರ್ಷಣಗೊಂಡು ಎರಡೇ ತಿಂಗಳಲ್ಲಿ ಕಂದು ಬಣ್ಣಕ್ಕೆ ತಿರುಗಿತು, ತೆರೆದ ರೆಟಿನಾಲ್ ಕೂಡ ಹಾಗೆಯೇ ಸತ್ವ ಕಳೆದುಕೊಳ್ಳುತ್ತದೆ. ಒಂದೊಂದಾಗಿ ಶುರುಮಾಡುವುದಾದರೆ ಒಂದೊಂದಾಗಿಯೇ ಕೊಳ್ಳಿ, ಸಿಗುವುದಾದರೆ ಚಿಕ್ಕ ಬಾಟಲಿಯನ್ನೇ.

ಆ ಮೊದಲ ಎರಡು ವಾರ ನಾನು ಅನುಭವಿಸಿದ್ದು ಉರಿಗಿಂತ ಹೆಚ್ಚಾಗಿ ಕೈ ಕಟ್ಟಿ ಕುಳಿತ ಚಡಪಡಿಕೆ. ದವಡೆಯ ಮೊಡವೆಗಳು ಮತ್ತೆ ಎದ್ದವು. ಅವುಗಳಿಗೆ ಏನೂ ಹಚ್ಚುವಂತಿರಲಿಲ್ಲ. ಕನ್ನಡಿ ನೋಡುವುದನ್ನೇ ಕಡಿಮೆ ಮಾಡಿದೆ. ಮಾಯಿಶ್ಚರೈಸರ್ ಕೂಡ ಹಚ್ಚಿದ ಎರಡು ಮೂರು ನಿಮಿಷ ಚುರುಗುಟ್ಟುತ್ತಿತ್ತು. ಊಹಿಸದ ಅಡ್ಡಿ ಬಂದದ್ದು ಸನ್‌ಸ್ಕ್ರೀನಿನಿಂದ: ಮೊದಲು ಬಳಸುತ್ತಿದ್ದದ್ದು ಹಚ್ಚಿದ ಕೂಡಲೇ ಬೆಂಕಿಯಂತೆ ಉರಿಯಿತು. ವೈದ್ಯರನ್ನು ಕೇಳಿದಾಗ, ಅದರಲ್ಲಿರುವ ಆಲ್ಕೋಹಾಲ್ ಮತ್ತು ಬಿಸಿಲು ತಡೆಯುವ ಕೆಲವು ರಾಸಾಯನಿಕಗಳು ಸಡಿಲಗೊಂಡ ಚರ್ಮವನ್ನು ಚುಚ್ಚುತ್ತವೆ, ಜಿಂಕ್ ಆಕ್ಸೈಡ್ ಇರುವುದನ್ನು ಬಳಸಿ ಎಂದರು. ಅದು ಮುಖವನ್ನು ಬೂದು ಬಳಿದಂತೆ ಕಾಣಿಸಿದರೂ ಉರಿಯಲಿಲ್ಲ. ಸನ್‌ಸ್ಕ್ರೀನನ್ನು ಕೈಬಿಡುವ ಮಾತೇ ಇರಲಿಲ್ಲ, ಏಕೆಂದರೆ ಕಂದು ಮೈಬಣ್ಣದ ನಮ್ಮಂಥವರಲ್ಲಿ ಉರಿಯೂತ ಇಳಿದ ಜಾಗದಲ್ಲಿ ಕಪ್ಪು ಕಲೆ ಸುಲಭವಾಗಿ ಕೂರುತ್ತದೆ, ಬಿಸಿಲು ಅದನ್ನು ಇನ್ನಷ್ಟು ಗಾಢವಾಗಿಸುತ್ತದೆ. ಕಲೆ ತೆಗೆಯಲು ಹೊರಟ ನನ್ನ ಎಡಗೆನ್ನೆಯಲ್ಲಿ ಮೊದಲಿಲ್ಲದ ಎರಡು ಕಲೆಗಳು ಹೀಗೆಯೇ ಬಂದು ಕುಳಿತವು.

ಐದನೆಯ ವಾರ ಬಿಗಿತ ಹೋಯಿತು. ಆ ಖುಷಿಯಲ್ಲಿ ಒಂದು ಬೆಳಿಗ್ಗೆ ವಿಟಮಿನ್ ಸಿ ಹಚ್ಚಿಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಎರಡೂ ಕೆನ್ನೆ ಕೆಂಪಾಗಿ ಬಿಸಿಯೇರಿದ್ದವು. ಆ ಒಂದು ಬೆಳಗಿನ ಬೆಲೆ ಹತ್ತು ದಿನ. ಮುಂದಿನ ಭೇಟಿಯಲ್ಲಿ ವೈದ್ಯರು ಬೈಯಲಿಲ್ಲ, ಗುಣವಾಯಿತೆಂದು ತಿಳಿಯಲು ಮೂರು ಪರೀಕ್ಷೆಗಳನ್ನು ಹೇಳಿಕೊಟ್ಟರು. ಬರೀ ನೀರು ಉರಿಯಬಾರದು. ಮಾಯಿಶ್ಚರೈಸರ್ ಚುರುಗುಟ್ಟಬಾರದು. ಮುಖ ತೊಳೆದು ಏನೂ ಹಚ್ಚದೆ ಇಪ್ಪತ್ತು ನಿಮಿಷ ಕುಳಿತರೂ ಬಿಗಿಯಬಾರದು. ಈ ಮೂರೂ ಒಂದೆರಡು ದಿನವಲ್ಲ, ಸತತ ಎರಡು ವಾರ ಹಾಗೆಯೇ ಇರಬೇಕು. ನನಗೆ ಅದು ಸಿಕ್ಕಿದ್ದು ಎಂಟನೆಯ ವಾರದ ಕೊನೆಗೆ.

ಮತ್ತೆ ಶುರುಮಾಡಿದ್ದು ಒಂದೇ ವಸ್ತುವಿನಿಂದ, ಮೊದಲಿನ ಅರ್ಧಕ್ಕೂ ಕಡಿಮೆ ಶಕ್ತಿಯ ರೆಟಿನಾಲ್‌ನಿಂದ. ಮುಖಕ್ಕೆ ಹಚ್ಚುವ ಮುನ್ನ ಮೊಣಕೈಯ ಒಳಮಡಿಕೆಯಲ್ಲಿ ಒಂದು ಪುಟ್ಟ ಜಾಗದ ಮೇಲೆ ಒಂದು ವಾರ ಹಚ್ಚಿ ನೋಡಿದೆ. ಅಲರ್ಜಿ ಒಂದೇ ದಿನದಲ್ಲಿ ತೋರಿಕೊಳ್ಳಬೇಕೆಂದಿಲ್ಲ, ಹಾಗಾಗಿ ಒಂದು ಸಲ ಹಚ್ಚಿ ಬಿಡುವ ಪರೀಕ್ಷೆ ಸಾಲದು. ಆಮೇಲಿನ ಕ್ರಮ ಹೀಗಿತ್ತು. ಮುಖ ತೊಳೆದು, ಒತ್ತಿ ಒರೆಸಿ, ಪೂರ್ತಿ ಒಣಗಲು ಇಪ್ಪತ್ತು ನಿಮಿಷ ಬಿಡುವುದು, ಏಕೆಂದರೆ ಒದ್ದೆ ಚರ್ಮದೊಳಕ್ಕೆ ತೀಕ್ಷ್ಣ ವಸ್ತು ಹೆಚ್ಚು ಇಳಿಯುತ್ತದೆ. ಮೂಗಿನ ಅಂಚು, ಬಾಯಿಯ ಮೂಲೆ, ಕಣ್ಣಿನ ಸುತ್ತ ಪೆಟ್ರೋಲಿಯಂ ಜೆಲ್ಲಿ. ಒಂದು ಪದರ ಮಾಯಿಶ್ಚರೈಸರ್, ಅದರ ಮೇಲೆ ಇಡೀ ಮುಖಕ್ಕೆ ಒಂದೇ ಬಟಾಣಿ ಕಾಳಿನಷ್ಟು ರೆಟಿನಾಲ್, ಮತ್ತೆ ಮಾಯಿಶ್ಚರೈಸರ್. ವಾರಕ್ಕೆ ಎರಡೇ ರಾತ್ರಿ, ನಡುವೆ ಕಡಿಮೆಯೆಂದರೂ ಎರಡು ರಾತ್ರಿ ಬಿಡುವು, ಹೀಗೆ ನಾಲ್ಕು ವಾರ. ಗರ್ಭಿಣಿಯರು ಮತ್ತು ಗರ್ಭ ಧರಿಸುವ ಯೋಚನೆಯಲ್ಲಿರುವವರು ರೆಟಿನಾಲ್ ಜಾತಿಯ ಯಾವುದನ್ನೂ ಮುಟ್ಟಬಾರದು. ಇದನ್ನು ವೈದ್ಯರು ತಮ್ಮ ಕೈಯಾರೆ ಚೀಟಿಯ ಮೇಲೆ ಬರೆದು ಅಡಿಗೆರೆ ಎಳೆದಿದ್ದರು. ಮುಖಕ್ಕೆ ವ್ಯಾಕ್ಸಿಂಗ್ ಮಾಡಿಸುವವರು ಅದಕ್ಕೆ ಒಂದು ವಾರ ಮುಂಚೆಯೇ ಇದನ್ನು ನಿಲ್ಲಿಸಬೇಕೆಂದೂ ಹೇಳಿದರು, ಇಲ್ಲದಿದ್ದರೆ ಮೇಣದ ಜೊತೆ ಚರ್ಮವೂ ಕಿತ್ತುಬರುತ್ತದೆ.

ಅಷ್ಟು ಕಡಿಮೆ ಪ್ರಮಾಣದಿಂದ ಏನಾದೀತು ಎಂಬ ಅನುಮಾನ ನನಗಿತ್ತು. ವೈದ್ಯರು ಉತ್ತರವಾಗಿ ಬೆಂಜಾಯಿಲ್ ಪೆರಾಕ್ಸೈಡ್‌ನ ಉದಾಹರಣೆ ಕೊಟ್ಟರು: ಮೊಡವೆಗೆ ಬಳಸುವ ಆ ಔಷಧಿಯನ್ನು ಶೇ. 2.5, 5 ಮತ್ತು 10ರ ಶಕ್ತಿಯಲ್ಲಿ ಹೋಲಿಸಿ ನೋಡಿದಾಗ, ಕೆಂಪು ಮೊಡವೆಗಳನ್ನು ಇಳಿಸುವುದರಲ್ಲಿ ಶೇ. 2.5ರದ್ದು ಹಿಂದೆ ಬೀಳಲಿಲ್ಲ, ಉರಿ ಮತ್ತು ಸಿಪ್ಪೆ ಮಾತ್ರ ಶೇ. 10ರದ್ದಕ್ಕಿಂತ ಕಡಿಮೆಯಿತ್ತು. ವಿಟಮಿನ್ ಸಿಯಲ್ಲಿಯೂ ಶೇ. 20 ದಾಟಿದ ಮೇಲೆ ಚರ್ಮದೊಳಗೆ ಇಳಿಯುವ ಪ್ರಮಾಣ ಹೆಚ್ಚುವುದಿಲ್ಲ. ಬಾಟಲಿಯ ಮೇಲಿನ ಸಂಖ್ಯೆ ದೊಡ್ಡದಾದಷ್ಟೂ ಫಲ ದೊಡ್ಡದೆಂದು ನಂಬಿ ಕೊಳ್ಳುತ್ತಿದ್ದ ನನಗೆ ಈ ಮಾತು ಬಹಳ ತಟ್ಟಿತು, ಮತ್ತು ಕೊಳ್ಳುವ ಎಲ್ಲರಿಗೂ ಇದು ಗೊತ್ತಿರಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಐದನೆಯ ವಾರದಿಂದ ರೆಟಿನಾಲ್ ವಾರಕ್ಕೆ ಮೂರು ರಾತ್ರಿಯಾಯಿತು. ಅದಾಗಿ ಮೂರು ವಾರ ಮುಖ ಶಾಂತವಾಗಿದ್ದ ಮೇಲೆ ಆಮ್ಲ ಬಂದಿತು. ಗ್ಲೈಕಾಲಿಕ್ ಅಲ್ಲ, ಅದಕ್ಕಿಂತ ದೊಡ್ಡ ಅಣುವಿನ, ಹಾಗಾಗಿ ನಿಧಾನವಾಗಿ ಇಳಿಯುವ ಲ್ಯಾಕ್ಟಿಕ್ ಆಮ್ಲ, ಶೇ. 5ರದ್ದು, ವಾರಕ್ಕೆ ಒಂದೇ ರಾತ್ರಿ, ರೆಟಿನಾಲ್ ಇಲ್ಲದ ರಾತ್ರಿಯಲ್ಲಿ. ಈ ಜಾತಿಯ ಆಮ್ಲಗಳನ್ನು ಬಳಸುವಾಗ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ನಿಲ್ಲಿಸಿ ಒಂದು ವಾರದವರೆಗೂ ಎಚ್ಚರ ಬೇಕು. ವಿಟಮಿನ್ ಸಿಯನ್ನು ನಾನು ಮರಳಿ ತರಲಿಲ್ಲ. ಅದರ ಬದಲು ಶೇ. 4ರ ನಯಾಸಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ) ಇರುವ ಮಾಯಿಶ್ಚರೈಸರ್ ಬೆಳಿಗ್ಗೆ ಬಳಸುತ್ತೇನೆ. ಅದು ಸೆರಮೈಡ್ ಉತ್ಪತ್ತಿಗೆ ನೆರವಾಗುತ್ತದೆ, ಕಲೆಗೂ ಸ್ವಲ್ಪ ಮಟ್ಟಿಗೆ ಒಳ್ಳೆಯದು.

ಈ ದಿನಗಳುದ್ದಕ್ಕೂ ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಬರೆದೆ: ಏನು ಹಚ್ಚಿದೆ, ಉರಿ ಇದೆಯೇ, ಬಿಗಿತ ಇದೆಯೇ, ಹವೆ ಹೇಗಿದೆ. ಒಣಗಾಳಿ ಬೀಸಿದ ವಾರ ಅದೇ ರೆಟಿನಾಲ್, ಅದೇ ಪ್ರಮಾಣ ಮೂಗಿನ ಪಕ್ಕ ಉರಿ ತಂದದ್ದು ಈ ಸಾಲುಗಳಿಂದಲೇ ಗೊತ್ತಾಯಿತು. ಆ ವಾರ ಒಂದೇ ರಾತ್ರಿಗೆ ಇಳಿಸಿದೆ, ಸರಿಹೋಯಿತು.

ಕಳೆದ ವಾರದ ಭೇಟಿಯಲ್ಲಿ ವೈದ್ಯರು ಮತ್ತೆ ಕೆನ್ನೆಯನ್ನು ಎರಡು ಬೆರಳುಗಳಲ್ಲಿ ಒತ್ತಿ ನೋಡಿದರು. ಕೈಗನ್ನಡಿಯಲ್ಲಿ ಆ ಕಾಗದದ ಸುಕ್ಕುಗಳು ಕಾಣಲಿಲ್ಲ. ದವಡೆಯ ಮೊಡವೆ ಪೂರ್ತಿ ನಿಂತಿಲ್ಲವಾದರೂ ತಿಂಗಳಿಗೆ ಒಂದೋ ಎರಡೋ ಅಷ್ಟೇ. ಎಡಗೆನ್ನೆಯ ಎರಡು ಕಲೆಗಳು ಇನ್ನೂ ಇವೆ, ಮಾಸಲು ಇನ್ನೂ ಹಲವು ತಿಂಗಳು ಬೇಕಾಗಬಹುದು ಎಂದರು. ಮುಂದೆ ಎಂದಾದರೂ ಎರಡು ದಿನ ಸತತವಾಗಿ ಉರಿ ಬಂದರೆ ಯಾರನ್ನೂ ಕೇಳುವ ಅಗತ್ಯವಿಲ್ಲ, ಚೀಟಿಯ ಆ ಮೂರು ಸಾಲಿಗೆ ಮರಳಿ, ಮೂರು ಪರೀಕ್ಷೆಗಳೂ ಸರಿಬರುವವರೆಗೆ ಅಲ್ಲೇ ಇರಿ ಎಂದರು. ರೆಪ್ಪೆ ಊದಿಕೊಂಡರೆ, ನೀರು ಸೋರಿದರೆ, ಹಳದಿ ಹಕ್ಕಳೆ ಕಟ್ಟಿದರೆ ಮಾತ್ರ ಕಾಯದೆ ಅದೇ ದಿನ ಬರಬೇಕು. ಆ ಚೀಟಿಯನ್ನು ಬಚ್ಚಲುಮನೆಯ ಕನ್ನಡಿಯ ಪಕ್ಕ ಅಂಟಿಸಿದ್ದೇನೆ.